ಚಾರಿತ್ರಿಕ ವೇಷಭೂಷಣಗಳ ಒಳಉಡುಪು ಮತ್ತು ಅದರ ಹೊಲಿಗೆ: ಪಶ್ಚಿಮ ಬೆಂಗಳೂರನ್ನು ಅನುಲಕ್ಷಿಸಿ

ಕರ್ನಾಟಕದ ರಂಗಪ್ರಕಾರಗಳ ವೇಷಭೂಷಣವನ್ನು ಕುರಿತ ಬರಹಗಳು ಬಹುಮಟ್ಟಿಗೆ ಪ್ರೇಕ್ಷಕನ ಕಣ್ಣಿಗೆ ಬೀಳುವ ಭಾಗವನ್ನೇ ವಿವರಿಸುತ್ತವೆ. ಕಿರೀಟದ ಆಕಾರ, ಭುಜಕೀರ್ತಿಯ ಕೆತ್ತನೆ, ಮುಖವರ್ಣಿಕೆಯ ವಿನ್ಯಾಸ, ಸೀರೆಯ ಚೌಕುಳಿ ಇವುಗಳ ಬಗೆಗೆ ನಮ್ಮಲ್ಲಿ ಸಾಕಷ್ಟು ಸಾಮಗ್ರಿ ಸಂಗ್ರಹವಾಗಿದೆ. ಆದರೆ ಅಂಗಿಯು ಎದೆಯ ಮೇಲೆ ಹರಡಿ ನಿಲ್ಲುವುದಕ್ಕೂ ಸೊಂಟದ ಉಡುಗೆ ತುಂಬಿಕೊಂಡು ಕಾಣುವುದಕ್ಕೂ ಕಾರಣವಾದ ಒಳಪದರವನ್ನು ಕುರಿತು ನಾವು ಕೇಳಿದ್ದು ಕಡಿಮೆ, ಬರೆದದ್ದು ಇನ್ನೂ ಕಡಿಮೆ. ಇದಕ್ಕೆ ಸಂಕೋಚವೂ ಒಂದು ಕಾರಣ. ಒಳಬಟ್ಟೆಯ ಮಾತು ಸಭಾಯೋಗ್ಯವಲ್ಲವೆಂಬ ಮಧ್ಯಮವರ್ಗದ ಶೀಲಪ್ರಜ್ಞೆ ಸಂಶೋಧಕನ ಪ್ರಶ್ನಾವಳಿಯೊಳಗೂ ನುಸುಳಿದೆ.

ಪ್ರಸ್ತುತ ಲೇಖನದಲ್ಲಿ ‘ಒಳಉಡುಪು’ ಎಂಬ ಪದವನ್ನು ತುಸು ವಿಶಾಲವಾಗಿ ಬಳಸಲಾಗಿದೆ. ನಟನ ಮೈಚರ್ಮಕ್ಕೂ ಕಾಣುವ ವೇಷಕ್ಕೂ ನಡುವೆ ಇರುವುದೆಲ್ಲವೂ ಇದರಲ್ಲಿ ಸೇರುತ್ತದೆ: ಲಂಗೋಟಿ, ಚಲ್ಲಣ, ಇಜಾರ, ಎದೆಕಟ್ಟು, ಒಳಲಂಗ, ಮೈಬಣ್ಣದ ಬನಿಯನ್, ಗಾತ್ರಕ್ಕಾಗಿ ಸುತ್ತುವ ಹಳೆಯ ಬಟ್ಟೆ. ಚಾರಿತ್ರಿಕ ವೇಷದ ಹೊರನೋಟದಲ್ಲಿ ಕಾಣುವ ಅನೇಕ ಕಾಲದೋಷಗಳ ಮೂಲ ಈ ಒಳಪದರದಲ್ಲಿದೆ ಎಂಬುದು ಇಲ್ಲಿಯ ಮುಖ್ಯ ಪ್ರತಿಪಾದನೆ. ಪಶ್ಚಿಮ ಬೆಂಗಳೂರನ್ನು ಅಧ್ಯಯನದ ನೆಲೆಯಾಗಿ ಆರಿಸಿಕೊಂಡಿರುವುದು ಆಕಸ್ಮಿಕವಲ್ಲ. 1949ರಲ್ಲಿ ಕೈಗಾರಿಕಾ ಉಪನಗರವಾಗಿ ರೂಪುಗೊಳ್ಳತೊಡಗಿದ ರಾಜಾಜಿನಗರ, ಅನಂತರ ಬೆಳೆದ ವಿಜಯನಗರ ಮತ್ತು ಬಸವೇಶ್ವರನಗರ, ಮೈಸೂರು ರಸ್ತೆಯ ಕೆಂಗೇರಿ ಈ ಪ್ರದೇಶಗಳಲ್ಲಿ ಮೂರು ಬಗೆಯ ರಂಗಪರಂಪರೆಗಳು ಒಂದರ ಪಕ್ಕದಲ್ಲಿ ಒಂದು ಬದುಕಿವೆ. ಕೆಂಗೇರಿ, ತಾವರೆಕೆರೆ, ಮಾಗಡಿ ಸೀಮೆಯ ಹಳ್ಳಿಗಳ ಪೌರಾಣಿಕ ನಾಟಕ. ಕರಾವಳಿಯಿಂದ ಬಂದು ನೆಲೆಸಿದವರ ಯಕ್ಷಗಾನ. ಶಾಲೆ, ಸಂಘ, ಹವ್ಯಾಸಿ ತಂಡಗಳ ಐತಿಹಾಸಿಕ ನಾಟಕ ಹಾಗೂ ನೃತ್ಯರೂಪಕ. ಈ ಬಡಾವಣೆಗಳ ಹೆಸರುಗಳಲ್ಲಿಯೇ ನಮ್ಮ ಐತಿಹಾಸಿಕ ನಾಟಕಕಾರರಿಗೆ ಪ್ರಿಯವಾದ ಎರಡು ಕಾಲಘಟ್ಟಗಳು, ಹನ್ನೆರಡನೆಯ ಶತಮಾನದ ಕಲ್ಯಾಣ ಮತ್ತು ಹದಿನಾರನೆಯ ಶತಮಾನದ ವಿಜಯನಗರ, ಅಡಗಿವೆ ಎಂಬುದು ಒಂದು ಸ್ವಾರಸ್ಯ.

‘ಒಳಗಿನದು ನಿಮ್ಮದು’

ಪೌರಾಣಿಕ ನಾಟಕಕ್ಕೆ ವೇಷಭೂಷಣ ಒದಗಿಸುವ ಬಾಡಿಗೆ ಅಂಗಡಿಗಳ ವ್ಯವಹಾರಕ್ರಮವನ್ನು ಮೊದಲು ಗಮನಿಸಬೇಕು. ‘ಕುರುಕ್ಷೇತ್ರ’ ನಾಟಕವೆಂದರೆ ದುರ್ಯೋಧನ, ಕರ್ಣ, ಭೀಮ, ಅರ್ಜುನ, ಶಕುನಿ, ಕೃಷ್ಣ ಮೊದಲಾದ ಪಾತ್ರಗಳಿಗೆ ಒಂದೊಂದು ‘ಸೆಟ್ಟು’. ಕಿರೀಟ, ವಿಗ್ಗು, ಮಖಮಲ್ಲಿನ ಮೇಲಂಗಿ, ಕಸೂತಿ ಮಾಡಿದ ನಡುಪಟ್ಟಿ, ಜರಿಯಂಚಿನ ಪಂಚೆ ಅಥವಾ ಪಾಯಿಜಾಮ, ಆಭರಣ, ಗದೆ, ಬಿಲ್ಲು ಇಷ್ಟೂ ಪೆಟ್ಟಿಗೆಯಲ್ಲಿ ಬರುತ್ತದೆ. ಬೆಳಿಗ್ಗೆ ಎಣಿಸಿ ಹಿಂದಿರುಗಿಸಬೇಕು. ಒಳಗೆ ತೊಡುವ ಬನಿಯನ್, ಚಡ್ಡಿ, ಸ್ತ್ರೀಪಾತ್ರದವರ ಒಳಲಂಗ ಇವು ಮಾತ್ರ ಪಟ್ಟಿಯಲ್ಲಿರುವುದಿಲ್ಲ. ‘ಒಳಗಿನದು ನಿಮ್ಮದು’ ಎಂಬುದು ಈ ವ್ಯವಹಾರದ ಬರೆಯದ ಕರಾರು. ಇದು ಶುಚಿತ್ವದ ದೃಷ್ಟಿಯಿಂದ ಸಹಜವಾದದ್ದೇ. ಆದರೆ ಇದರ ಪರಿಣಾಮ ದೂರಗಾಮಿಯಾದುದು. ವೇಷದ ಅರ್ಧಭಾಗ ಹೀಗೆ ಲೆಕ್ಕದ ಪುಸ್ತಕದಿಂದಲೇ ಹೊರಗುಳಿಯುತ್ತದೆ. ಲೆಕ್ಕಕ್ಕೆ ಸಿಗದ ವಸ್ತುವಿಗೆ ಹೆಸರಿರುವುದಿಲ್ಲ, ಅಳತೆಯಿರುವುದಿಲ್ಲ, ಕಾಲವಂತೂ ಇರುವುದೇ ಇಲ್ಲ. ದ್ವಾಪರದ ದುರ್ಯೋಧನನ ಮಖಮಲ್ಲಿನ ಕೆಳಗೆ ನಿನ್ನೆ ಸಂತೆಯಲ್ಲಿ ಕೊಂಡ ತೋಳಿಲ್ಲದ ಬನಿಯನ್ ಇರುತ್ತದೆ.

ಮಖಮಲ್ಲು ನಮ್ಮ ರಂಗಭೂಮಿಯನ್ನು ಇಷ್ಟು ಗಟ್ಟಿಯಾಗಿ ಆವರಿಸಿಕೊಂಡಿರುವುದಕ್ಕೆ ಕಂಪನಿ ನಾಟಕಗಳ ವೈಭವವನ್ನು, ಅದರ ಹಿಂದಿನ ಪಾರ್ಸಿ ರಂಗಭೂಮಿಯ ಪ್ರಭಾವವನ್ನು ಕಾರಣವಾಗಿ ಹೇಳುವುದು ವಾಡಿಕೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ಸಂಸ್ಥೆಗಳು ಬೆಳೆಸಿದ ಅಭಿರುಚಿ ಇಂದಿನ ಬಾಡಿಗೆ ಅಂಗಡಿಯವರೆಗೆ ಹರಿದುಬಂದಿದೆಯೆಂಬುದು ನಿಜ. ಇದರ ಜೊತೆಗೆ ಇನ್ನೊಂದು ಪ್ರಾಯೋಗಿಕ ಕಾರಣವನ್ನೂ ಸೇರಿಸಬೇಕೆಂದು ನನ್ನ ಅಭಿಪ್ರಾಯ. ಮಖಮಲ್ಲು ಒಳಗಿರುವುದನ್ನು ಮುಚ್ಚುತ್ತದೆ. ಒಳಉಡುಪಿನ ಬಗೆಗೆ ಯೋಚಿಸದ ರಂಗಭೂಮಿಗೆ ದಪ್ಪ ಬಟ್ಟೆ ಅನಿವಾರ್ಯ. ತೆಳುವಾದ ಹತ್ತಿಯ ನಿಲುವಂಗಿ ತೊಡಿಸಿದರೆ ದೀಪದ ಬೆಳಕಿನಲ್ಲಿ ಬನಿಯನ್ನಿನ ಗೆರೆ, ಚಡ್ಡಿಯ ಪಟ್ಟಿ ಎದ್ದುಕಾಣುತ್ತವೆ.

ಬೆವರಿನ ಮಾತನ್ನೂ ಇಲ್ಲಿಯೇ ಹೇಳಬೇಕು. ಮಖಮಲ್ಲನ್ನು ಒಗೆಯಲಾಗುವುದಿಲ್ಲ, ನೀರು ತಾಕಿದರೆ ಅದರ ನವಿರು ಒರಗಿ ಹೊಳಪು ಹೋಗುತ್ತದೆ. ಬೆವರಿನ ಉಪ್ಪು ಜರಿಯ ಲೋಹವನ್ನು ಕಪ್ಪಾಗಿಸುತ್ತದೆ, ಕಂಕುಳಲ್ಲಿ ಬಿಳಿಯ ನಕ್ಷೆ ಬರೆಯುತ್ತದೆ. ಆದ್ದರಿಂದ ಮೈಗೂ ಮಖಮಲ್ಲಿಗೂ ನಡುವೆ ಬೆವರು ಹೀರುವ, ದಿನವೂ ಒಗೆಯಬಹುದಾದ ಹತ್ತಿಯ ಪದರವಿರಬೇಕಾದದ್ದು ವೇಷದ ಆಯುಸ್ಸಿಗೂ ನಟನ ಚರ್ಮಕ್ಕೂ ಅಗತ್ಯ. ಇಡೀ ರಾತ್ರಿ ಆಡಿ ಬೆಳಿಗ್ಗೆ ಬಿಚ್ಚಿದ ಅಂಗಿಯನ್ನು ಬಿಸಿಲಿಗೆ ಹಾಕಿ, ಸಂಜೆ ಇನ್ನೊಂದೂರಿನ ಇನ್ನೊಬ್ಬ ಕರ್ಣನಿಗೆ ಕಳುಹಿಸುವಲ್ಲಿ ಈ ಪದರವಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಬಣ್ಣದ ಮನೆಯಲ್ಲಿ ಕುಳಿತವರಿಗೆ ವಿವರಿಸಬೇಕಾಗಿಲ್ಲ.

ಚೌಕಿಯ ಕ್ರಮ

ಇದಕ್ಕೆ ಪ್ರತಿಯಾದ ಮಾದರಿ ಯಕ್ಷಗಾನದಲ್ಲಿದೆ. ಇಲ್ಲಿ ಒಳಪದರವು ವೇಷಕ್ಕೆ ಹೊರತಾದುದಲ್ಲ, ವೇಷದ ಅಡಿಪಾಯ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ (1957) ಈ ಕಲೆಯ ಅಂಗೋಪಾಂಗಗಳನ್ನು ಅಧ್ಯಯನಕ್ಕೆ ಒಳಪಡಿಸಿತು. ಮಾರ್ತಾ ಆಷ್ಟನ್ ಮತ್ತು ಬ್ರೂಸ್ ಕ್ರಿಸ್ಟಿ ಅವರ 1977ರ ಇಂಗ್ಲಿಷ್ ಗ್ರಂಥವೂ ವೇಷಭೂಷಣಕ್ಕೆ ಗಮನ ಕೊಟ್ಟಿದೆ. ಬಡಗುತಿಟ್ಟಿನ ಪುರುಷವೇಷ ಚೌಕಿಯಲ್ಲಿ ಸಿದ್ಧಗೊಳ್ಳುವುದನ್ನು ನೋಡಿದರೆ, ಕಾಣುವ ಅಂಗಿಯ ಸರದಿ ಬರುವುದು ಬಹಳ ತಡವಾಗಿ. ಮೊದಲು ಬಿಗಿಯಾದ ಚಡ್ಡಿ, ಅದರ ಮೇಲೆ ಇಜಾರ, ಗೆಜ್ಜೆ ತಾಕದಂತೆ ಕಾಲಿಗೆ ಬಟ್ಟೆ, ಸೊಂಟಕ್ಕೆ ಗಾತ್ರ ಬರುವಂತೆ ಬಟ್ಟೆಯ ಸುತ್ತು, ಆಮೇಲೆ ಚೌಕುಳಿಯ ಕಸೆ ಸೀರೆ. ತೆಂಕುತಿಟ್ಟಿನ ಬಣ್ಣದ ವೇಷದಲ್ಲಿ ಈ ಸುತ್ತುಗಳು ಇನ್ನೂ ಹೆಚ್ಚು. ಸಾಮಾನ್ಯ ಮೈಕಟ್ಟಿನ ಕಲಾವಿದ ರಾಕ್ಷಸನ ಗಾತ್ರಕ್ಕೆ ಬೆಳೆಯುವುದು ಒಳಗಿನ ಬಟ್ಟೆಯಿಂದ. ಹಳೆಯ ಸೀರೆ, ಹಳೆಯ ಪಂಚೆಗಳೇ ಇದಕ್ಕೆ ಶ್ರೇಷ್ಠವೆಂದು ಕಲಾವಿದರು ಹೇಳುತ್ತಾರೆ. ಹೊಸ ಬಟ್ಟೆಯ ಗಂಜಿ ಜಾರುತ್ತದೆ. ಒಗೆದು ಒಗೆದು ಮೆತ್ತಗಾದ ಬಟ್ಟೆ ಮೈಗೆ ಅಂಟಿ ನಿಲ್ಲುತ್ತದೆ.

ಇಲ್ಲಿ ಹೊಲಿಗೆ ಕಡಿಮೆ, ಕಟ್ಟು ಹೆಚ್ಚು. ‘ಕಸೆ’ ಎಂಬ ಪದವೇ ಇದಕ್ಕೆ ಸಾಕ್ಷಿ. ಗುಂಡಿ, ಹುಕ್ಕುಗಳು ಬರುವ ಮುನ್ನ ಅಂಗಿಯ ಎರಡು ಅಂಚುಗಳನ್ನು ಕೂಡಿಸುತ್ತಿದ್ದುದು ಕಸೆ. ಕಸೆಯಿರುವ ಉಡುಪಿಗೆ ಒಂದೇ ಅಳತೆಯಿಲ್ಲ. ಅದೇ ಅಂಗಿಯನ್ನು ಸಣಕಲು ಹುಡುಗನೂ ದಪ್ಪ ಮೈಯವನೂ ತೊಡಬಹುದು. ರಾಜಾಜಿನಗರ, ವಿಜಯನಗರಗಳ ವಾರಾಂತ್ಯದ ಯಕ್ಷಗಾನ ತರಗತಿಗಳಲ್ಲಿ ಈಗ ಮಕ್ಕಳಿಗಾಗಿ ಸ್ಪಂಜು ತುಂಬಿ ಹೊಲಿದ ಸೊಂಟಪಟ್ಟಿ, ವೆಲ್ಕ್ರೋ ಅಂಟಿಸಿದ ಅಂಗಿ ಬಳಕೆಗೆ ಬಂದಿವೆ. ಸಮಯ ಉಳಿಯುತ್ತದೆಂಬುದು ಸತ್ಯ. ಆದರೆ ಸ್ಪಂಜು ಬೆವರನ್ನು ಹಿಡಿದಿಟ್ಟು ಭಾರವಾಗುತ್ತದೆ, ಮಂಡಿ ಹಾಕುವಾಗ ಮೈಯೊಡನೆ ಮಣಿಯುವುದಿಲ್ಲ. ವೆಲ್ಕ್ರೋ ಬಿಡುವ ಸದ್ದು ಮದ್ದಳೆಯ ನಡುವೆಯೂ ಕೇಳುತ್ತದೆ.

ಒಳಗು-ಹೊರಗುಗಳ ಪ್ರಶ್ನೆ

ಐತಿಹಾಸಿಕ ನಾಟಕಕ್ಕೆ ಬಂದಾಗ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ. ಯೂರೋಪಿನ ಉಡುಪಿನ ಇತಿಹಾಸದಲ್ಲಿ ಒಳಉಡುಪು ಸ್ಪಷ್ಟವಾದ ಪ್ರತ್ಯೇಕ ವರ್ಗ. ಅಲ್ಲಿ ನೋರಾ ವಾ ಅವರು ಬಿಗಿಯೊಳಂಗಿ ಹಾಗೂ ಹಿಗ್ಗುಲಂಗಗಳ ಮೇಲೆಯೇ 1954ರಲ್ಲಿ ಗ್ರಂಥ ಬರೆದರು. ಉಳಿದುಬಂದ ಉಡುಪುಗಳನ್ನು ಎಳೆಎಳೆಯಾಗಿ ಅಳೆದು ನಕ್ಷೆ ಮಾಡಿದ ಜ್ಯಾನೆಟ್ ಆರ್ನಾಲ್ಡ್ ಅವರ ಮಾಲಿಕೆಯ ನಾಲ್ಕನೆಯ ಸಂಪುಟ, ಅವರ ಮರಣಾನಂತರ 2008ರಲ್ಲಿ ಪ್ರಕಟವಾದುದು, ನಾರುಬಟ್ಟೆಯ ಒಳಅಂಗಿಗಳಂಥವುಗಳಿಗೇ ಮೀಸಲಾಗಿದೆ. 1997ರಲ್ಲಿ ಲಂಡನ್ನಿನಲ್ಲಿ ತೆರೆದ ಶೇಕ್ಸ್‌ಪಿಯರ್ ಗ್ಲೋಬ್ ರಂಗಮಂದಿರದಲ್ಲಿ ಜೆನ್ನಿ ತಿರಾಮನಿ ಅವರು ಒಳಅಂಗಿಯಿಂದ ಮೊದಲುಗೊಂಡು ಕೈಹೊಲಿಗೆಯಲ್ಲಿ ವೇಷ ಸಿದ್ಧಪಡಿಸುವ ಪ್ರಯೋಗ ನಡೆಸಿದರು. ಆಸ್ಟ್ರಿಯದ ಲೆಂಗ್‌ಬರ್ಗ್ ಕೋಟೆಯ ಕಸದ ತುಂಬಿನಲ್ಲಿ 2008ರಲ್ಲಿ ಹದಿನೈದನೆಯ ಶತಮಾನದ ಎದೆಯುಡುಪುಗಳೇ ದೊರೆತವು. ಕಸವಾಗಿ ಎಸೆದದ್ದರಿಂದ ಅವು ಉಳಿದವು; ಯಾರೂ ಅವನ್ನು ಜೋಪಾನ ಮಾಡಿರಲಿಲ್ಲ.

ನಮ್ಮಲ್ಲಿ ಹತ್ತಿ ಬಟ್ಟೆ ಹಾಗೆ ಉಳಿಯುವುದಿಲ್ಲ. ಹಳೆಯ ಸೀರೆ ಕೌದಿಯಾಗುತ್ತದೆ, ಕೂಸಿನ ಜೋಳಿಗೆಯಾಗುತ್ತದೆ, ಒರೆಸುವ ಅರಿವೆಯಾಗಿ ಕೊನೆಗಾಣುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಳ ಮತ್ತು ಹೊರ ಎಂಬ ವಿಭಜನೆಯೇ ನಮ್ಮ ಉಡುಗೆಯಲ್ಲಿ ಬೇರೆ ರೀತಿಯದು. ಹದಿನಾರು ಮೊಳ, ಹದಿನೆಂಟು ಮೊಳದ ಸೀರೆಯನ್ನು ಕಚ್ಚೆ ಹಾಕಿ ಉಟ್ಟಾಗ ಅದರ ಒಂದು ಭಾಗ ಒಳಉಡುಪಾಗಿಯೂ ಉಳಿದದ್ದು ಹೊರಉಡುಪಾಗಿಯೂ ಕೆಲಸ ಮಾಡುತ್ತದೆ. ಅದಕ್ಕೆ ಒಳಲಂಗದ ಹಂಗಿಲ್ಲ. ಮಲೆನಾಡಿನ ಗೊಬ್ಬೆ ಸೀರೆಯ ಗಂಟು, ಕೊಡವತಿಯರ ಹಿಂನೆರಿಗೆ ಇವೆಲ್ಲ ಬಟ್ಟೆಯ ತರ್ಕದಿಂದಲೇ ಮೈಮೇಲೆ ನಿಲ್ಲುವ ಉಡುಗೆಗಳು. ಶಾಂತಾಲ್ ಬುಲಾಂಜೆ ಅವರು 1997ರ ತಮ್ಮ ಗ್ರಂಥದಲ್ಲಿ ಇಂಥ ನೂರಕ್ಕೂ ಮಿಕ್ಕ ಉಡುವ ಕ್ರಮಗಳನ್ನು ದಾಖಲಿಸಿದ್ದಾರೆ. ಉತ್ತರ ಕರ್ನಾಟಕದ ಕುಪ್ಪಸವೂ ಹೀಗೆಯೇ. ಗುಳೇದಗುಡ್ಡದ ಖಣವನ್ನು ಕತ್ತರಿಸಿ, ಅಂಚು ತೋಳಿನ ಕೊನೆಗೆ ಬೀಳುವಂತೆ ಕೂಡಿಸಿ, ಎದೆಯ ಕೆಳಗೆ ಗಂಟು ಹಾಕುವ ಆ ಉಡುಪು ಒಳಗಿನದೂ ಹೌದು, ಹೊರಗಿನದೂ ಹೌದು.

ಇಂದು ನಾವು ‘ಸಾಂಪ್ರದಾಯಿಕ’ವೆಂದು ತಿಳಿಯುವ ಲಂಗ, ರವಿಕೆ, ನೆರಿಗೆ, ಸೆರಗುಗಳ ಜೋಡಣೆ ವಸಾಹತು ಕಾಲದ್ದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಂಗಾಳದ ಜ್ಞಾನದಾನಂದಿನಿ ದೇವಿ ಮುಂಬಯಿಯಲ್ಲಿ ಕಂಡ ಕ್ರಮವನ್ನು ಮಾರ್ಪಡಿಸಿ ರವಿಕೆ ಮತ್ತು ಒಳಲಂಗದೊಡನೆ ಸೀರೆ ಉಡುವುದನ್ನು ಪ್ರಚಾರಕ್ಕೆ ತಂದುದು ಈ ಬದಲಾವಣೆಯ ಒಂದು ಪ್ರಸಿದ್ಧ ಘಟ್ಟ. ಕನ್ನಡ ಹಳ್ಳಿಗಳಲ್ಲಿ ‘ಬಾಡಿ’, ‘ಜಾಕೀಟು’, ‘ಪೆಟಿಕೋಟು’ ಎಂಬ ಪದಗಳು ಉಳಿದಿರುವುದು ಆ ವಸ್ತುಗಳು ಬಂದ ದಾರಿಯನ್ನು ಇನ್ನೂ ಹೇಳುತ್ತಿದೆ. ಇನ್ನೊಂದು ದಾರಿಯಿಂದ ಬಂದ ‘ಇಜಾರ’ ಅರಬ್ಬಿ-ಪಾರಸಿ ಮೂಲದ್ದು. ‘ಚಲ್ಲಣ’ವಾದರೋ ನಡುಗನ್ನಡ ಕಾವ್ಯಗಳಿಗೆ ಪರಿಚಿತ. ಒಳಉಡುಪಿನ ಪದಕೋಶ ಹೀಗೆ ನಮ್ಮ ಚರಿತ್ರೆಯ ಸಂಪರ್ಕಗಳ ಒಂದು ಸಣ್ಣ ಕೈಪಿಡಿ.

ಈಗ ಬಸವೇಶ್ವರನಗರದ ಒಂದು ಶಾಲೆಯೋ ಸಂಘವೋ ಶರಣರ ನಾಟಕವನ್ನು ಎತ್ತಿಕೊಂಡಿತೆಂದು ಭಾವಿಸೋಣ. ಲಂಕೇಶರ ‘ಸಂಕ್ರಾಂತಿ’, ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’, ಕಾರ್ನಾಡರ ‘ತಲೆದಂಡ’ ಇವೆಲ್ಲ ಆ ಕಾಲದ ಸಂಘರ್ಷವನ್ನು ವಸ್ತುವಾಗಿ ಉಳ್ಳ ಕೃತಿಗಳು. ಇಲ್ಲಿಯ ಸ್ತ್ರೀಪಾತ್ರಗಳಿಗೆ ಏನನ್ನು ಹೊಲಿಯಬೇಕು? ಆಧಾರಗಳು ಪರಸ್ಪರ ಹೊಂದುವುದಿಲ್ಲ. ಬೇಲೂರಿನ ಮದನಿಕೆಯರನ್ನು ನೋಡಿ ಆ ಕಾಲದ ಸಾಮಾನ್ಯ ಸ್ತ್ರೀಯ ಉಡುಗೆಯನ್ನು ತೀರ್ಮಾನಿಸುವುದು ಶಿಲ್ಪದ ಸಂಕೇತವನ್ನು ಸಾಮಾಜಿಕ ವಾಸ್ತವವೆಂದು ಭ್ರಮಿಸಿದಂತೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದ ವಸ್ತ್ರೋಪಭೋಗ ಪ್ರಕರಣ ಬಟ್ಟೆಗಳ ವೈವಿಧ್ಯವನ್ನು ಹೇಳುತ್ತದೆ, ಅದು ಅರಮನೆಯ ಮಾತು. ವೀರಗಲ್ಲುಗಳಲ್ಲಿ ಯೋಧನ ಬಿಗಿದ ಕಚ್ಚೆ ಸ್ಪಷ್ಟವಾಗಿ ಕಾಣುತ್ತದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಬೇಗೂರು ವೀರಗಲ್ಲು ನಮಗೆ ತೀರ ಹತ್ತಿರದ ನಿದರ್ಶನ. ಶರಣೆಯರ ವಿಷಯಕ್ಕೆ ಇಷ್ಟು ನೇರವಾದ ಸಾಕ್ಷ್ಯ ಸಿಗುವುದಿಲ್ಲ.

ಬಳಕೆಯಲ್ಲಿರುವ ಪರಿಹಾರವೆಂದರೆ ಎಲ್ಲರಿಗೂ ಒಂದೇ ಕತ್ತರಿಕೆಯ, ಡಾರ್ಟು ಹಾಕಿದ, ಹಿಂದೆ ಹುಕ್ಕಿರುವ ರವಿಕೆ ಮತ್ತು ಲಾಡಿ ಬಿಗಿದ ಒಳಲಂಗ. ಇದರಿಂದ ಸೀರೆ ಸೊಂಟದ ಒಂದೇ ಮಟ್ಟದಲ್ಲಿ ಸಿಕ್ಕಿಕೊಂಡು ಗಂಟೆಯಾಕಾರದಲ್ಲಿ ಇಳಿಯುತ್ತದೆ. ನಡಿಗೆ ಬದಲಾಗುತ್ತದೆ, ಕುಕ್ಕರುಗಾಲಿನಲ್ಲಿ ಕೂರುವುದು ಕಷ್ಟವಾಗುತ್ತದೆ, ಕಸ ಗುಡಿಸುವ, ಸೌದೆ ಹೊರುವ ಅಭಿನಯ ಸುಳ್ಳಾಗಿ ಕಾಣುತ್ತದೆ. ಇದಕ್ಕಿಂತ ಗಂಭೀರವಾದುದು ಇನ್ನೊಂದು. ಅರಸಿಗೂ, ಶರಣೆ ಕಾಳವ್ವೆಗೂ ಒಂದೇ ಒಳಉಡುಪು ಹೊಲಿದಾಗ, ಮೈ ಮುಚ್ಚುವ ಹಕ್ಕೇ ಜಾತಿಯ ಪ್ರಶ್ನೆಯಾಗಿದ್ದ ಚರಿತ್ರೆ ಅಳಿಸಿಹೋಗುತ್ತದೆ. ತಿರುವಾಂಕೂರಿನಲ್ಲಿ ನಾಡಾರ್ ಸ್ತ್ರೀಯರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಬೇಕಾಯಿತು; 1859ರ ರಾಜಘೋಷಣೆ ಕೂಡ ಅದನ್ನು ನಿರ್ಬಂಧಗಳೊಡನೆಯೇ ಒಪ್ಪಿತು. ಇಂಥ ಸಂಗತಿಗಳು ತಿಳಿದಿರುವ ಸಂಶೋಧಕ ರಂಗದ ಮೇಲಿನ ರವಿಕೆಯನ್ನು ಕೇವಲ ಅಲಂಕಾರದ ವಿಷಯವೆಂದು ಬಿಡಲಾರ.

ಹಾಗೆಂದು ಚರಿತ್ರೆಯ ಹೆಸರಿನಲ್ಲಿ ಇಂದಿನ ನಟಿಯ ಮೈಯನ್ನು ತೆರೆಯಬೇಕೆಂಬ ವಾದ ನನಗೆ ಒಪ್ಪಿಗೆಯಿಲ್ಲ. ಆಕೆಯ ಮಾನ ಆಕೆಯದು. ಸತ್ಯದ ಭಾರವನ್ನು ಆಕೆಯೊಬ್ಬಳ ಮೇಲೆ ಹೊರಿಸುವುದು ನ್ಯಾಯವಲ್ಲ. ಹೊಲಿಗೆಯಲ್ಲಿ ಇದಕ್ಕೆ ಮಧ್ಯಮಾರ್ಗವಿದೆ. ಮೈಬಣ್ಣದ ಮೆತ್ತನೆಯ ಹತ್ತಿಯಲ್ಲಿ, ಹುಕ್ಕಿಲ್ಲದೆ ಕಸೆಯಿಂದ ಬಿಗಿಯುವ ಎದೆಪಟ್ಟಿಯನ್ನು ಹೊಲಿದು, ಅದರ ಮೇಲೆ ಸೀರೆಯ ಸೆರಗನ್ನೇ ಮೇಲುಡುಪಾಗಿ ಕಟ್ಟುವುದು. ಒಳಲಂಗದ ಬದಲಿಗೆ ಮೊಳಕಾಲಿನವರೆಗಿನ ಚಲ್ಲಣವನ್ನು ಕೊಟ್ಟು ಕಚ್ಚೆ ಹಾಕುವುದು. ನಟಿಗೆ ಭದ್ರತೆಯಿರುತ್ತದೆ, ಉಡುಗೆಯ ಬೀಳು ಕಾಲಕ್ಕೆ ಹತ್ತಿರವಾಗುತ್ತದೆ. ರಾಷ್ಟ್ರೀಯ ನಾಟಕಶಾಲೆಯಲ್ಲಿ ತರಬೇತಿ ಪಡೆದ ಪ್ರೇಮಾ ಕಾರಂತರಂಥವರು ವೇಷಭೂಷಣವನ್ನು ಅಲಂಕಾರದಿಂದ ಅಧ್ಯಯನದ ಮಟ್ಟಕ್ಕೆ ಏರಿಸಿದ ಮೇಲೆ ಇಂಥ ಪ್ರಯೋಗಗಳಿಗೆ ನಮ್ಮಲ್ಲಿ ನೆಲ ಹದವಾಗಿದೆ. ಅವರೇ ನಿರ್ದೇಶಿಸಿದ ‘ಫಣಿಯಮ್ಮ’ (1983) ಚಿತ್ರದಲ್ಲಿ ಮಡಿ ಹೆಂಗಸಿನ ಉಡುಗೆ ಕಥೆಯ ಹಿನ್ನೆಲೆಯಾಗಿ ಉಳಿಯದೆ ಕಥೆಯೇ ಆಗುತ್ತದೆ.

ವಿಜಯನಗರ ಕಾಲದ ವೇಷಕ್ಕೆ ಆಧಾರಗಳು ಹೆಚ್ಚು. ಲೇಪಾಕ್ಷಿಯ ವೀರಭದ್ರ ದೇವಾಲಯದ ಚಾವಣಿಯ ಚಿತ್ರಗಳಲ್ಲಿ ಎತ್ತರದ ಟೊಪ್ಪಿಗೆ, ತೆಳುವಾದ ಬಿಳಿಯ ನಿಲುವಂಗಿಗಳ ರಾಜಪುರುಷರಿದ್ದಾರೆ. ಈ ಕಬಾಯಿ ಮತ್ತು ಕುಲ್ಲಾಯಿಗಳು ಇಸ್ಲಾಮೀ ಜಗತ್ತಿನ ರಾಜೋಡುಗೆಯ ಸ್ವೀಕಾರವೆಂಬುದನ್ನು ಫಿಲಿಪ್ ವ್ಯಾಗೊನರ್ 1996ರ ಲೇಖನದಲ್ಲಿ ವಿಶದವಾಗಿ ತೋರಿಸಿದ್ದಾರೆ. ಆದರೆ ತಿರುಮಲೆಯಲ್ಲಿರುವ ಕೃಷ್ಣದೇವರಾಯನ ಲೋಹಪ್ರತಿಮೆಯಲ್ಲಿ ಅದೇ ಎತ್ತರದ ಟೊಪ್ಪಿಗೆಯ ಕೆಳಗೆ ಬರಿಯ ಎದೆ, ಸೊಂಟದಲ್ಲಿ ಧೋತ್ರ. ಒಡ್ಡೋಲಗದಲ್ಲಿ ಒಂದು ಮೈ, ದೇವರ ಮುಂದೆ ಇನ್ನೊಂದು ಮೈ. ನಮ್ಮ ಹವ್ಯಾಸಿ ರಂಗದ ಕೃಷ್ಣದೇವರಾಯ ಈ ಎರಡೂ ಅಲ್ಲದೆ ಕೆಂಪು ಮಖಮಲ್ಲಿನಲ್ಲಿಯೇ ಉಳಿದಿದ್ದಾನೆ. ತೆಳು ಮಲ್ ಬಟ್ಟೆಯ ಕಬಾಯಿಯನ್ನು ಹೊಲಿಯುವುದು ಕಷ್ಟವಲ್ಲ, ಖರ್ಚೂ ಕಡಿಮೆ. ಕಷ್ಟವಿರುವುದು ಅದರೊಳಗೆ ಕಾಣಲು ಯೋಗ್ಯವಾದ ಧೋತ್ರ ಅಥವಾ ಇಜಾರವನ್ನು ಒದಗಿಸುವಲ್ಲಿ. ಒಳಗಿನದು ಸರಿಯಾದರೆ ವಿಜಯನಗರ ಬಡಾವಣೆಯ ರಾಯನಿಗೆ ಲೇಪಾಕ್ಷಿಯ ಮೈಕಟ್ಟು ಬರಲು ಅಡ್ಡಿಯಿಲ್ಲ.

ಬರಿಮೈ ತೋರಿಸಬೇಕಾದ ಪೌರಾಣಿಕ ಪಾತ್ರಗಳಿಗೆ ಮೈಬಣ್ಣದ ತುಂಬುತೋಳಿನ ಬನಿಯನ್ ತೊಡಿಸುವ ರೂಢಿಯನ್ನು ಇಲ್ಲಿಯೇ ಹೇಳಬಹುದು. ಮೈಯನ್ನು ತೋರಿಸುವುದಕ್ಕಾಗಿ ಮೈಯನ್ನು ಮುಚ್ಚುವ ಈ ಉಪಾಯ ವಿಕ್ಟೋರಿಯಾ ಕಾಲದ ಇಂಗ್ಲಿಷ್ ರಂಗಭೂಮಿಗೂ ಪರಿಚಿತವಾಗಿತ್ತು. ನಮ್ಮ ಅಂಗಡಿಗಳಲ್ಲಿ ಸಿಗುವ ‘ಮೈಬಣ್ಣ’ ಮಾತ್ರ ಗುಲಾಬಿ ಛಾಯೆಯದು. ಕೆಂಗೇರಿಯ ಹೊಲದಲ್ಲಿ ದುಡಿದ ಭೀಮನ ಕೈಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಮಂಜರಪಾಟು ಬಟ್ಟೆಯನ್ನು ಚಹಾದ ಕಷಾಯದಲ್ಲಿ ಅದ್ದಿ ಬಣ್ಣ ಕಟ್ಟಿಕೊಂಡರೆ ಈ ತೊಂದರೆ ತಪ್ಪುತ್ತದೆ.

ಪುರುಷರು ಸ್ತ್ರೀಪಾತ್ರ ವಹಿಸುವಲ್ಲಿ ಎದೆಕಟ್ಟಿನ ವಿಚಾರ ಪ್ರತ್ಯೇಕ ಲೇಖನವನ್ನೇ ಬೇಡುತ್ತದೆ. ಏಣಗಿ ಬಾಳಪ್ಪನವರಂಥ (1914-2017) ಹಿರಿಯ ನಟರು ಸ್ತ್ರೀಪಾತ್ರಗಳಿಂದ ಹೆಸರಾದವರು. ಹತ್ತಿ, ಅರಿವೆ ತುಂಬಿದ ಚೀಲವನ್ನು ಅಂಗಿಗೆ ಹೊಲಿಯದೆ ಮೈಗೆ ಕಟ್ಟುವುದು ಇದರ ಮುಖ್ಯ ಸೂತ್ರ. ಅಂಗಿಗೆ ಹೊಲಿದದ್ದು ಕೈ ಎತ್ತಿದಾಗ ಅಂಗಿಯೊಡನೆ ಮೇಲೇಳುತ್ತದೆ. ಮೈಗೆ ಕಟ್ಟಿದ್ದು ಉಸಿರಿನೊಡನೆ ಚಲಿಸುತ್ತದೆ.

ಹೊಲಿಗೆಯ ವಿವರಗಳು

ಹಳೆಯ ಕ್ರಮದ ಚಲ್ಲಣ, ಇಜಾರಗಳ ಕತ್ತರಿಕೆ ಇಂದಿನ ಪ್ಯಾಂಟಿನದಲ್ಲ. ಮಗ್ಗದ ಅಗಲವನ್ನು ವ್ಯರ್ಥಮಾಡದಂತೆ ಬಟ್ಟೆಯನ್ನು ಆಯತ ಹಾಗೂ ಮುಕ್ಕೋನೆಗಳಾಗಿ ಕತ್ತರಿಸಿ, ತೊಡೆಗಳು ಕೂಡುವೆಡೆಯಲ್ಲಿ ಒಂದು ಚೌಕದ ತುಂಡನ್ನು ವಜ್ರಾಕಾರದಲ್ಲಿ ಸೇರಿಸುವುದು ಇದರ ಮರ್ಮ. ಬೆಳೆದವರ ಅಳತೆಗೆ ಈ ತುಂಡು ನಾಲ್ಕರಿಂದ ಆರು ಅಂಗುಲವಿದ್ದರೆ ಸಾಕು. ಬಾಗುಗತ್ತರಿಯ ಪಾಯಿಜಾಮ ಮಂಡಿ ಊರಿದಾಗ ನಡುಹೊಲಿಗೆಯಲ್ಲಿ ಬಿರಿಯುತ್ತದೆ. ಚೌಕದ ತುಂಡಿರುವಲ್ಲಿ ಎಳೆತ ನಾಲ್ಕು ಹೊಲಿಗೆಗಳಿಗೆ ಹಂಚಿಹೋಗಿ, ಬಟ್ಟೆಯ ಓರೆಯೆಳೆ ಹಿಗ್ಗಿಕೊಡುತ್ತದೆ. ಕುಪ್ಪಸದ ಕಂಕುಳಿಗೂ ಇದೇ ಉಪಾಯ.

ಅಂಚುಗಳನ್ನು ಮಡಿಸಿ ಎರಡು ಸಾಲು ಹೊಲಿಯುವುದು ಕ್ಷೇಮ. ಓವರ್‌ಲಾಕ್ ಮಾಡಿದ ಅಂಚಿನ ದಾರ ಬೆವರಿನಲ್ಲಿ ನೆನೆದಾಗ ತೊಡೆಸಂದನ್ನು ಉಜ್ಜುತ್ತದೆ. ಕೋರಾ ಬಟ್ಟೆಯನ್ನು ಕತ್ತರಿಸುವ ಮುನ್ನ ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಒಣಗಿಸದಿದ್ದರೆ ಮೊದಲ ಒಗೆತದಲ್ಲಿಯೇ ಅಳತೆ ಕೆಡುತ್ತದೆ. ಇವು ಪುಸ್ತಕದಲ್ಲಿ ಓದಿದ ಸೂತ್ರಗಳಲ್ಲ, ಹೊಲಿಯುವವರ ಕೈಯಲ್ಲಿರುವ ತಿಳಿವಳಿಕೆ.

ಆ ಕೈಗಳು ಯಾರವು ಎಂಬುದೂ ಮುಖ್ಯ. ಮಾಗಡಿ ರಸ್ತೆಯ ಆಸುಪಾಸು ಹಿಂದೆ ಬಿನ್ನಿ ಮೊದಲಾದ ಗಿರಣಿಗಳ ಕಾರ್ಮಿಕರ ಪ್ರದೇಶ. ಗಿರಣಿಗಳು ಮುಚ್ಚಿದ ಮೇಲೆ ಪೀಣ್ಯ, ಮೈಸೂರು ರಸ್ತೆಗಳ ಸಿದ್ಧ ಉಡುಪಿನ ಕಾರ್ಖಾನೆಗಳು ಬಂದವು. ಅಲ್ಲಿ ಹೊಲಿಯುವವರಲ್ಲಿ ಹೆಂಗಸರೇ ಬಹುಸಂಖ್ಯಾತರು. ಕಾರ್ಖಾನೆಯಲ್ಲಿ ದಿನವಿಡೀ ಒಂದು ಕಾಲರನ್ನೋ ಒಂದು ಜೇಬನ್ನೋ ಮಾತ್ರ ಹೊಲಿಯುವ ಹೆಂಗಸು ಮನೆಗೆ ಬಂದ ಮೇಲೆ ನೃತ್ಯಶಾಲೆಯ ಮಕ್ಕಳಿಗೆ ಇಡೀ ಉಡುಪನ್ನು ಕತ್ತರಿಸಿ ಹೊಲಿಯುವುದನ್ನು ಈ ಬಡಾವಣೆಗಳಲ್ಲಿ ಕಾಣಬಹುದು. ಭರತನಾಟ್ಯದ ಉಡುಪು ಇದಕ್ಕೆ ಉತ್ತಮ ಉದಾಹರಣೆ. 1930ರ ದಶಕದಲ್ಲಿ ರುಕ್ಮಿಣೀದೇವಿಯವರ ಪ್ರಯೋಗಗಳಿಂದ ಹೊಸ ರೂಪ ಪಡೆದ ಈ ಉಡುಪಿನಲ್ಲಿ ಈಗ ಇಜಾರವೇ ಹೊರಗೆ ಬಂದು, ಬೀಸಣಿಗೆಯ ನೆರಿಗೆಯನ್ನು ತೊಟ್ಟು, ಸೀರೆಯ ವೇಷ ಧರಿಸಿದೆ. ವೇಷಭೂಷಣದ ಚರಿತ್ರೆಯಲ್ಲಿ ಒಳಗಿನದು ಹೊರಗಾಗುವುದು ಹೊಸತೇನಲ್ಲ.

ದಾಖಲೆಯ ಸ್ಥಿತಿ

ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ಇವುಗಳಿಂದ ನಮ್ಮ ರಂಗಪರಿಕರಗಳು ನಾಶದಿಂದ ಉಳಿದಿವೆ. ಜೀ.ಶಂ. ಪರಮಶಿವಯ್ಯನವರಂಥವರು ಮೂಡಲಪಾಯದತ್ತ ವಿದ್ವಾಂಸರ ಗಮನ ಸೆಳೆಯದಿದ್ದರೆ ಆ ಕಲೆಯ ಕಿರೀಟಗಳೂ ಒಲೆ ಸೇರುತ್ತಿದ್ದವೇನೋ. ಈ ಋಣವನ್ನು ಒಪ್ಪಿಕೊಂಡೇ ಒಂದು ಮಾತು ಹೇಳಬೇಕು. ಸಂಗ್ರಹಾಲಯದ ಮರದ ಬೊಂಬೆ ಬೆವರುವುದಿಲ್ಲ, ಮಂಡಿ ಹಾಕುವುದಿಲ್ಲ. ಅದಕ್ಕೆ ಒಳಉಡುಪು ಬೇಕಾಗುವುದಿಲ್ಲ. ಕಿರೀಟ, ಭುಜಕೀರ್ತಿಗಳು ಸಂಗ್ರಹವಾದಷ್ಟು ಸುಲಭವಾಗಿ ಬೆವರುಗಲೆಯ ಇಜಾರ ಸಂಗ್ರಹವಾಗದಿರುವುದು ಸಹಜವೇ. ಆದರೆ ಆ ಇಜಾರದ ಹೊಲಿಗೆಯಲ್ಲಿ ಇರುವ ತಿಳಿವಳಿಕೆ ಕಿರೀಟದ ಕೆತ್ತನೆಗಿಂತ ಬೇಗ ಕಾಣೆಯಾಗುತ್ತಿದೆ.

ಸಂಗ್ರಹಿಸಬೇಕಾದದ್ದು ಬಟ್ಟೆಯನ್ನಷ್ಟೇ ಅಲ್ಲ. ವೇಷದ ಬಟ್ಟೆ ಹೊಲಿಯುವ ದರ್ಜಿಗಳಲ್ಲಿ ಹಳೆಯ ವೃತ್ತಪತ್ರಿಕೆಯಿಂದ ಕತ್ತರಿಸಿದ ಮಾದರಿಗಳಿರುತ್ತವೆ, ಅಳತೆಯ ಪುಸ್ತಕಗಳಿರುತ್ತವೆ. ಅಂಗಡಿ ಮುಚ್ಚಿದ ದಿನ ಇವು ರದ್ದಿಗೆ ಹೋಗುತ್ತವೆ. ಅನುಭವಸ್ಥ ದರ್ಜಿ ಒಬ್ಬ ನಟನಿಗೆ ಎರಡು ಅಳತೆ ತೆಗೆಯುತ್ತಾನೆ. ಒಂದು ಬರಿಮೈಯದು, ಒಳಉಡುಪಿಗಾಗಿ. ಇನ್ನೊಂದು ಒಳಗಿನ ಸುತ್ತು, ಎದೆಕಟ್ಟು ಎಲ್ಲವನ್ನೂ ಕಟ್ಟಿ ನಿಲ್ಲಿಸಿದ ಮೇಲಿನದು, ಹೊರಗಿನ ಅಂಗಿಗಾಗಿ. ಪುಸ್ತಕದ ಒಂದೇ ಸಾಲಿನಲ್ಲಿ ಒಂದರ ಪಕ್ಕ ಒಂದು ಬರೆದ ಆ ಎರಡು ಎದೆಸುತ್ತುಗಳಲ್ಲಿ ಮೊದಲನೆಯದು ಆ ಮನುಷ್ಯನದು, ಎರಡನೆಯದು ಭೀಮನದು.